ಎಂಬತ್ತೆಂಟನೇ ಎಲೆ

ತಿಲಕ್ ನಗರ, ಬೆಂಗಳೂರು
12 ಅಕ್ಟೋಬರ್ 2003

ಮೌನೇಶ ಅವರಿಗೆ,

ನಾನು ಮಹಾಂತೇಶನ ತಂಗಿ ಸಿರಿ. ನೀವು ಎರಡು ಮೂರು ಸಲ ಮನೆಗೆ ಬಂದಾಗ ಕಾಫಿ ತಂದುಕೊಟ್ಟಿದ್ದೆ, ಮಾತಾಡಿಸಿರಲಿಲ್ಲ. ನಿಮ್ಮ ಊರಿನ ವಿಳಾಸವನ್ನ ಬಿಟಿಎಂನಲ್ಲಿರೋ ನಿಮ್ಮ ರೂಮ್‌ಮೇಟ್ ಗೌರೀಶಂಕರ ಅವರ ಹತ್ತಿರ ಇಸ್ಕೊಂಡೆ. ಕೈ ಮುರಿದಿದೆ, ಕೊರಿಯರ್ ಆಫೀಸಿನ ಕೆಲಸ ಬಿಟ್ಟು ಊರಿಗೆ ಹೋಗಿದ್ದಾರೆ ಅಂತ ಅವರೇ ಹೇಳಿದ್ದು.

ಹೋದ ವಾರ ಸ್ಟೇಷನ್ನಿಂದ ಅಣ್ಣನ ಸಾಮಾನು ವಾಪಸ್ ಕೊಟ್ಟರು. ವಾಚು, ಪರ್ಸು, ಒಂದೇ ಒಂದು ಚಪ್ಪಲಿ, ಮತ್ತೆ ಒಂದು ಸ್ವೀಟ್ ಡಬ್ಬ. ಡಬ್ಬದಲ್ಲಿ ನೀವೂ ಅಣ್ಣನೂ ಸೇರಿ ಮಾಡಿದ ಆಟದ ಎಲೆಗಳೂ ಅವನ ನೋಟ್‌ಬುಕ್ಕೂ ಇದ್ದವು. ಅಪ್ಪ ನೋಡಿ "ಇಸ್ಪೀಟಾ?" ಅಂತ ಒಂದೇ ಮಾತು ಕೇಳಿ ಅಂಗಡಿಗೆ ಹೋದರು. ಅಪ್ಪನ ಲಗ್ನಪತ್ರಿಕೆ ಅಂಗಡಿಯಲ್ಲಿ ತಪ್ಪು ಅಚ್ಚಾದ ಪತ್ರಿಕೆಗಳೆಲ್ಲ ಎಲ್ಲಿ ಮಾಯ ಆಗ್ತಿದ್ದವು ಅಂತ ನನಗೆ ಈಗ ಗೊತ್ತಾಯ್ತು. ಒಂದೊಂದು ಎಲೆಯ ಹಿಂದೆಯೂ ಯಾರದೋ ಮದುವೆಯ ಅರ್ಧ ಹೆಸರು.

ನೋಟ್‌ಬುಕ್ಕಿನಲ್ಲಿ ಒಟ್ಟು ನೂರ ಹನ್ನೆರಡು ಅಂತ ಬರೆದಿದ್ದಾನೆ. ಎಂಬತ್ತೆಂಟು ಆಗಿವೆ. ಉಳಿದದ್ದನ್ನ ನಾನು ಮುಗಿಸಬೇಕು ಅನ್ನಿಸ್ತಿದೆ, ಆದರೆ ಆಟವೇ ಗೊತ್ತಿಲ್ಲ. ಮೂಲೆಯಲ್ಲಿರೋ ನಂಬರುಗಳು ಏನು? ದಯವಿಟ್ಟು ಬರೆದು ತಿಳಿಸಿ.

ಇಲ್ಲಿ ಬೀದಿಯವರೆಲ್ಲ, ಏಕಾಂತಯ್ಯನವರ ಮಗ ಕಣ್ಣು ಮುಚ್ಕೊಂಡು ಗಾಡಿ ಓಡಿಸಿ ತಾನೂ ಸತ್ತ, ಸೊಪ್ಪಿನ ಕೆಂಚವ್ವನ ಕಾಲನ್ನೂ ತೆಗೆದ ಅಂತಾರೆ. ಅಪ್ಪ ಏನೂ ಎದುರಾಡಲ್ಲ. ನೀವು ಹಿಂದೆ ಕೂತಿದ್ದವರು, ಕೊನೆಗೆ ಅವನ ಜೊತೆ ಇದ್ದವರು. ಅವನು ಏನಾದರೂ ಹೇಳಿದನಾ? ಅಮ್ಮ ಕೇಳು ಅಂದರು.

ಸಿರಿ


ಸುರಪುರ ತಾಲೂಕು, ಗುಲ್ಬರ್ಗಾ ಜಿಲ್ಲೆ
27 ಅಕ್ಟೋಬರ್ 2003

ತಂಗಿ ಸಿರಿಗೆ,

ನಿಮ್ಮ ಕಾಗದ ಬಂದು ಎಂಟು ದಿನ ಆಯಿತು. ಬಲಗೈ ಇನ್ನೂ ಸರಿಯಾಗಿಲ್ಲ, ಅಕ್ಷರ ಸೊಟ್ಟ ಇದ್ದರೆ ಹೊಟ್ಟೆಗೆ ಹಾಕ್ಕೋರಿ.

ಗೌರೀಶಂಕರನ ಆಫೀಸಿನವರು ಒಬ್ಬರು ಹೊರದೇಶದಿಂದ ಇಂಥ ಎಲೆಗಳ ಆಟ ತಂದಿದ್ದರು. ಪೊಟ್ಟಣ ಕೊಂಡು, ಒಂದೇ ಎಲೆ ಎರಡು ಬಂದರೆ ಬದಲಿ ಮಾಡಿಕೊಂಡು ಆಡುವ ಆಟ. ಅದರಲ್ಲಿ ಬರೀ ರಾಕ್ಷಸರು, ಡ್ರ್ಯಾಗನ್ನು. ನಿಮ್ಮ ಅಣ್ಣ "ನಮಗ್ಯಾಕೆ ಗುರು ಡ್ರ್ಯಾಗನ್ನು, ನಿಮ್ಮ ಓನರ್ ಆಂಟಿ ಸಾಲಲ್ವಾ?" ಅಂದ. ಮೊದಲನೇ ಎಲೆ ಓನರ್ ಆಂಟಿಯದೇ ಆಯಿತು. ಆಮೇಲೆ ನೀರಿನ ಟ್ಯಾಂಕರ್, ಚಿಲ್ಲರೆ ಕೊಡದ ಕಂಡಕ್ಟರ್, ಬೀದಿನಾಯಿ. ಪ್ರತಿ ಭಾನುವಾರ ನಾವು ನಾಲ್ಕೈದು ಮಂದಿ ನಮ್ಮ ರೂಮಿನಲ್ಲಿ ಆಡುತ್ತಿದ್ದೆವು.

ಎಡಗಡೆ ಮೇಲಿನದು ಬೆಲೆ. ಆ ಎಲೆ ಇಳಿಸಬೇಕಾದರೆ ಅಷ್ಟು ಶಕ್ತಿ ಖರ್ಚು. ಮೊದಲನೇ ಸುತ್ತಿಗೆ ಒಂದು ಶಕ್ತಿ ಸಿಗುತ್ತದೆ, ಎರಡನೇದಕ್ಕೆ ಎರಡು, ಹೀಗೆ. ಬಲಗಡೆ ಕೆಳಗಿನವು ಬಲ ಮತ್ತು ತಾಳಿಕೆ. ಎದುರಿನವರ ಹತ್ತು ಉಸಿರು ಮುಗಿಸಿದವರು ಗೆದ್ದಂತೆ. ಹೊಸ ಎಲೆ ಮಾಡುವಾಗ ಬಲ, ತಾಳಿಕೆ ಕೂಡಿದರೆ ಬೆಲೆಯ ಎರಡರಷ್ಟು ಬರಬೇಕು, ಹೆಚ್ಚು ಬೇಡ. ವಿಶೇಷ ಗುಣ ಕೊಟ್ಟರೆ ಒಂದು ಕಡಿಮೆ ಮಾಡ್ರಿ. ಆದರೆ ಇದು ಬರೀ ಲೆಕ್ಕ. ಆಡಿ ನೋಡಿದರೆ ಮಾತ್ರ ಖರೇ ತಿಳಿಯುವುದು. ಹತ್ತು ಸಲ ಆಡಿ, ಹತ್ತೂ ಸಲ ಅದೇ ಎಲೆ ಬಂದವರು ಗೆದ್ದರೆ, ಎಲೆ ಕೆಟ್ಟಿದೆ ಅಂತ ಅರ್ಥ.

ಮಹಾಂತೇಶ ಏನೂ ಹೇಳಲಿಲ್ಲ. ಒಂದು ಕ್ಷಣದಲ್ಲಿ ಆಗಿಹೋಯಿತು. ನೋವು ತಿಳಿದಿರಲಿಕ್ಕಿಲ್ಲ ಅಂತ ಅಮ್ಮನವರಿಗೆ ಹೇಳ್ರಿ.

ಮೌನೇಶ


ತಿಲಕ್ ನಗರ
16 ನವೆಂಬರ್ 2003

ಮೌನೇಶಣ್ಣ,

ತಂಗಿ ಅಂತ ಬರೆದಿದ್ದೀರಿ, ಹಾಗಾಗಿ ನಾನೂ ಅಣ್ಣ ಅಂತೀನಿ.

ಕಾಲೇಜಿನ ಗೆಳತಿ ಪ್ರಿಯಾಂಕಾನ ಕೂರಿಸ್ಕೊಂಡು ಆಡಿದೆ. ಮೊದಲು ಅವಳು ಬೈಕೊಂಡೇ ಆಡಿದಳು, ಈಗ ಅವಳೇ ಫೋನ್ ಮಾಡಿ ಬರ್ತಾಳೆ. ನಾನು ಮಾಡಿದ ಮೊದಲ ಎಲೆಗೆ "ಅಣ್ಣ" ಅಂತ ಹೆಸರಿಟ್ಟೆ. ಬೆಲೆ ಸೊನ್ನೆ, ಬಲ ಹತ್ತು, ತಾಳಿಕೆ ಹತ್ತು. ಅದು ಕೈಗೆ ಬಂದವರು ಎರಡನೇ ಸುತ್ತಿಗೇ ಗೆದ್ದರು. ಪ್ರಿಯಾಂಕಾ "ಇದು ಮೋಸ ಕಣೇ" ಅಂದಳು. ನೀವು ಹೇಳಿದ ಲೆಕ್ಕದ ಪ್ರಕಾರ ಬೆಲೆ ಹತ್ತು ಹಾಕಿದೆ. ಆವಾಗ ಆ ಎಲೆ ಇಳಿಸೋ ಹೊತ್ತಿಗೆ ಆಟವೇ ಮುಗಿದುಹೋಗ್ತಿತ್ತು. ಎಷ್ಟು ಹಾಕಿದರೂ ಸರಿ ಹೋಗಲಿಲ್ಲ. ಹರಿದು ಹಾಕಿದೆ.

ಆಮೇಲೆ ಟೈಲರ್ ಆಂಟಿ ಅಂತ ಒಂದು ಮಾಡಿದ್ದೀನಿ. ಬೆಲೆ ಎರಡು, ಬಲ ಒಂದು, ತಾಳಿಕೆ ಎರಡು. ಗುಣ: "ನಾಳೆ ಕೊಡ್ತೀನಿ" ಅಂತ ಹೇಳಿ ಎದುರಿನವರ ಒಂದು ಎಲೆಯನ್ನ ಒಂದು ಸುತ್ತು ತಡೆಹಿಡೀತಾಳೆ. ಇದು ಸರಿಯಾಗಿ ಕೂತ್ಕೊಂಡಿದೆ.

ಕೊನೇದು, ಎಂಬತ್ತೆಂಟನೇದು, "ಕರೆಂಟ್ ಹೋಯ್ತು" ಅಂತ ಇದೆಯಲ್ಲ, ಮೇಜಿನ ಮೇಲಿರೋ ಎಲ್ಲರ ಎಲೆಯೂ ಒಂದು ಸುತ್ತು ಸತ್ತಂತೆ. ಅದಕ್ಕೆ ಬೆಲೆ ಮೂರು ಅಂತ ಬರೆದು, ಹೊಡೆದು, ಐದು ಮಾಡಿ, ಅದನ್ನೂ ಹೊಡೆದು ಮತ್ತೆ ಮೂರು ಮಾಡಿದ್ದಾನೆ. ಯಾವುದು ಸರಿ?

ಅಪ್ಪ ಪ್ರತಿ ಸೋಮವಾರ ಒಂದು ಚೀಲದಲ್ಲಿ ಅಕ್ಕಿ ಬೇಳೆ ಹಾಕ್ಕೊಂಡು ಕೆಂಚವ್ವನ ಮನೆಗೆ ಹೋಗ್ತಾರೆ. ಬಾಗಿಲ ಹತ್ತಿರ ಇಟ್ಟು, ಮುಖ ತೋರಿಸದೆ ವಾಪಸ್ ಬರ್ತಾರೆ. ಅಣ್ಣನ ಹೆಸರನ್ನ ಮನೆಯಲ್ಲಿ ಎತ್ತೋ ಹಾಗಿಲ್ಲ.

ಸಿರಿ


ಸುರಪುರ ತಾಲೂಕು
1 ಡಿಸೆಂಬರ್ 2003

ತಂಗಿ ಸಿರಿಗೆ,

ಟೈಲರ್ ಆಂಟಿ ಓದಿ ನಾನು ಒಬ್ಬನೇ ಕೂತು ನಕ್ಕೆ. ನಮ್ಮ ಅವ್ವ ಬಂದು "ಯಾಕೋ?" ಅಂದಳು. ಆಗಸ್ಟಿನಿಂದ ನಾನು ನಕ್ಕದ್ದು ಆಕೆ ನೋಡಿರಲಿಲ್ಲ. ನಿಮಗೆ ಈ ಕಲೆ ಇದೆ. ಎಲೆಯ ಗುಣ ಆ ಮನುಷ್ಯನ ಗುಣದಿಂದಲೇ ಬರಬೇಕು ಅಂತ ಮಹಾಂತೇಶ ಹೇಳುತ್ತಿದ್ದ.

ಬೆಲೆ ಒಂದಿರುವ ಎಲೆಗಳು ನಿಮ್ಮಲ್ಲಿ ಕಡಿಮೆ ಇರಬೇಕು, ಎಣಿಸಿ ನೋಡ್ರಿ. ಅವು ಕಡಿಮೆ ಆದರೆ ಮೊದಲ ಮೂರು ಸುತ್ತು ಸುಮ್ಮನೆ ಕೂರಬೇಕಾಗುತ್ತದೆ. ಸಣ್ಣ ಎಲೆ ಮಾಡುವುದೇ ಕಷ್ಟ, ದೊಡ್ಡದು ಯಾರಾದರೂ ಮಾಡುತ್ತಾರೆ. ಎಳನೀರು, ಬೀಡಾ, ಸೈಕಲ್ ಪಂಪು, ಇಂಥವು ಹತ್ತಾದರೂ ಬೇಕು.

ಎಂಬತ್ತೆಂಟನೇದು ಬಿಟ್ಟುಬಿಡ್ರಿ. ಅದು ಇಲ್ಲದಿದ್ದರೂ ಆಟ ನಡೆಯುತ್ತದೆ.

ಅಪ್ಪಾಜಿಯವರ ವಿಷಯ ಓದಿ ಮನಸ್ಸಿಗೆ ಕಷ್ಟ ಆಯಿತು. ಅವರಿಗೆ ಸಮಾಧಾನ ಹೇಳ್ರಿ.

ಮೌನೇಶ


ತಿಲಕ್ ನಗರ
4 ಜನವರಿ 2004

ಮೌನೇಶಣ್ಣ,

ನೂರಾ ಒಂದಾಯ್ತು! ಸಣ್ಣ ಎಲೆ ಕಷ್ಟ ಅಂದಿದ್ದು ನಿಜ. ಸೈಕಲ್ ಪಂಪಿಗೆ ನಾಲ್ಕು ಸಲ ಬೆಲೆ ತಿದ್ದಿದೆ. ಓನರ್ ಆಂಟಿ ಇಪ್ಪತ್ತು ಆಟದಲ್ಲಿ ಹದಿನೇಳು ಗೆಲ್ಲಿಸಿದಳು, ಅದಕ್ಕೆ ಅವಳ ಬಲ ಒಂದು ಇಳಿಸಿದೆ. ಅಣ್ಣ ಮಾಡಿದ್ದಲ್ವಾ, ಮೊದಲು ಪೆನ್ಸಿಲ್ಲಿನಲ್ಲೇ ತಿದ್ದಿದೆ. ತಿದ್ದಿದ ಮೇಲೆ ಅವನ ಜೊತೆ ಜಗಳ ಆಡಿ ಗೆದ್ದ ಹಾಗಾಯ್ತು, ಸಖತ್ ಖುಷಿ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ನಿಮ್ಮ ಕಾಗದ ಬಂದ ದಿನ ಮನೆಯಲ್ಲಿ ಅಣ್ಣನ ವಿಷಯ ಮಾತಾಡೋಕೆ ಒಬ್ಬರು ಇದ್ದಾರೆ ಅನ್ನಿಸತ್ತೆ. ಇದನ್ನ ಬರೀಬೇಕು ಅನ್ನಿಸ್ತು, ಬರ್ದೆ.

ಅಪ್ಪನಿಗೆ ಎದೆನೋವು ಬಂದಿತ್ತು. ಜಯನಗರದ ಡಾಕ್ಟರು ಮೆಟ್ಟಿಲು ಹತ್ತಬೇಡಿ, ಯೋಚನೆ ಮಾಡಬೇಡಿ ಅಂದರು. ಮೆಟ್ಟಿಲು ಬಿಟ್ಟಿದ್ದಾರೆ. ಮೊನ್ನೆ ಅಮ್ಮನ ಹತ್ತಿರ "ತಂದೇ ಬಸವಲಿಂಗಾ, ನಾನು ಆ ಹುಡುಗನ್ನ ಸರಿಯಾಗಿ ಬೆಳೆಸ್ಲಿಲ್ಲ" ಅಂತಿದ್ರು. ನಾನು ಬಾಗಿಲ ಈಚೆ ಇದ್ದೆ.

ಒಂದು ಸಲ ನಾನೇ ಕೆಂಚವ್ವನ ಮನೆಗೆ ಹೋಗಿ, ಒಳಗೆ ಕೂತು, ಅಣ್ಣನ ಪರವಾಗಿ ಕ್ಷಮೆ ಕೇಳಬೇಕು ಅಂತ ಇದ್ದೀನಿ. ಅಪ್ಪನ ಕೈಲಿ ಅದು ಆಗ್ತಿಲ್ಲ. ಏನಂತೀರಿ?

ಸಿರಿ


ಸುರಪುರ ತಾಲೂಕು
12 ಜನವರಿ 2004

ತಂಗಿ ಸಿರಿಗೆ,

ಕಾಗದ ಕೈಗೆ ಬಂದ ಕೂಡಲೇ ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗಬೇಡ್ರಿ. ಆ ಹೆಣ್ಣುಮಗಳು ನೋವಿನಲ್ಲಿ ಇರುತ್ತಾಳೆ, ಏನೇನೋ ಮಾತಾಡಬಹುದು. ನಿಮಗೂ ಸಂಕಟ, ಆಕೆಗೂ ಸಂಕಟ. ಹೋದದ್ದನ್ನು ಕೆದಕಿದರೆ ಯಾರಿಗೆ ಏನು ಬಂತು?

ಪರೀಕ್ಷೆ ಹತ್ತಿರ ಇದೆ ಅಲ್ಲ, ಓದಿನ ಕಡೆ ಲಕ್ಷ್ಯ ಕೊಡ್ರಿ. ಎಲೆಗಳನ್ನೂ ಸ್ವಲ್ಪ ದಿನ ಮುಚ್ಚಿಡ್ರಿ.

ಮೌನೇಶ


ತಿಲಕ್ ನಗರ
15 ಫೆಬ್ರವರಿ 2004

ಮೌನೇಶಣ್ಣ,

ನಿಮ್ಮ ಮಾತು ಮೀರಿ ನಿನ್ನೆ ಹೋಗಿದ್ದೆ. ಅವರು ಏನೇನೋ ಮಾತಾಡಲಿಲ್ಲ. ಚಾಪೆ ಹಾಕಿಸಿ, ಟೀ ಮಾಡಿಸಿ, "ನಿಮ್ಮಪ್ಪ ಯಾಕವ್ವಾ ಬಾಗಲ್ದಾಗ ನಿಂತು ಹೋಗ್ತಾರ, ಒಳಗ ಬರಾಕ ಹೇಳು" ಅಂದರು. ಅವರೂ ನಿಮ್ಮ ಕಡೆಯವರೇ, ಮಾತು ನಿಮ್ಮ ಹಾಗೇ ಇದೆ.

ನಾನು ಕ್ಷಮೆ ಕೇಳಿದೆ. ಅದಕ್ಕೆ ಅವರು, "ಪಾಪ, ಆ ಹುಡುಗ ಆವತ್ತೇ ಕೇಳ್ಯಾನಲ್ಲ" ಅಂದರು. ಗಾಡಿ ಓಡಿಸ್ತಿದ್ದವನು ತಾನೇ ಎದ್ದು ಬಂದು ಅವರ ತಲೆಯನ್ನ ತೊಡೆ ಮೇಲೆ ಇಟ್ಕೊಂಡು, "ಯವ್ವಾ, ತಪ್ಪಾತು" ಅಂತ ಅಳ್ತಿದ್ದನಂತೆ. ಪೊಲೀಸರು ಇದನ್ನೆಲ್ಲ ಕೇಳಲಿಲ್ವಾ ಅಂದೆ. ಹೆಸರು, ವಯಸ್ಸು ಕೇಳಿದರು, ಯಾರು ಓಡಿಸ್ತಿದ್ದರು ಅಂತ ಯಾರೂ ಕೇಳಲಿಲ್ಲ ಅಂದರು.

ನಾನು ಟೀ ಕುಡಿದು ಬಂದೆ.

ಎಂಬತ್ತೆಂಟನೇ ಎಲೆ ಬಗ್ಗೆ ಇನ್ನೊಂದು ಸಲ ಕೇಳ್ತಿದ್ದೀನಿ. ಅದರ ಬಗ್ಗೆ ನಿಮಗೆ ಏನು ಗೊತ್ತೋ ಎಲ್ಲಾ ಬರೀರಿ. ಕಾಯ್ತಿರ್ತೀನಿ.

ಸಿರಿ


ಸುರಪುರ ತಾಲೂಕು
2 ಮಾರ್ಚ್ 2004

ತಂಗಿ ಸಿರಿಗೆ,

ಹೋಗಿ ಬಂದದ್ದು ಒಳ್ಳೆಯದೇ ಆಯಿತು, ಮನಸ್ಸು ಹಗುರ ಆಗಿರಬೇಕು. ನೋವಿನಲ್ಲಿದ್ದವರಿಗೆ ಯಾರು ಏನು ಅಂದರು ಅನ್ನುವುದು ಸರಿಯಾಗಿ ನೆನಪಿರುವುದಿಲ್ಲ, ಅದನ್ನು ಬಹಳ ಹಚ್ಚಿಕೊಳ್ಳಬೇಡ್ರಿ.

ಎಂಬತ್ತೆಂಟನೇದಕ್ಕೆ ಐದು ಹಾಕ್ರಿ. ಮೂರಕ್ಕೆ ಕೊಟ್ಟರೆ ಮೂರನೇ ಸುತ್ತಿನಲ್ಲೇ ಎದುರಿನವರ ಆಟ ನಿಂತುಹೋಗುತ್ತದೆ, ಸೋಲುವವರಿಗೆ ಎದ್ದೇಳಲು ಅವಕಾಶವೇ ಇಲ್ಲ. ಐದಾದರೆ ಅಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಆಟ ಕಟ್ಟಿಕೊಂಡಿರುತ್ತಾರೆ.

ಇಲ್ಲಿ ಬಿಸಿಲು ಶುರುವಾಗಿದೆ. ಕೈ ಈಗ ಪೂರ್ತಿ ಮಡಚುತ್ತದೆ. ನಮ್ಮ ಅಕ್ಕ ರಾಜಶ್ರೀಗೆ ಗಂಡುಮಗು ಆಯಿತು, ಅದರ ಓಡಾಟವೇ ಆಗಿದೆ.

ಮೌನೇಶ


ತಿಲಕ್ ನಗರ
28 ಮಾರ್ಚ್ 2004

ಮೌನೇಶ ಅವರಿಗೆ,

ಬೆಲೆ ಮೂರು ಹಾಕಿ ಇಪ್ಪತ್ತು ಆಟ ಆಡಿದೆ, ಐದು ಹಾಕಿ ಇಪ್ಪತ್ತು. ಮೂರಕ್ಕೆ ಎಲೆ ಕೆಟ್ಟಿದೆ. ಐದೇ ಸರಿ. ಐದು ಅಂತ ಇಂಕಿನಲ್ಲಿ ಬರೆದೆ.

ನನ್ನನ್ನ ತಂಗಿ ಅಂತ ಬರೀಬೇಡಿ.

ಸಿರಿ


ಸುರಪುರ ತಾಲೂಕು
14 ಏಪ್ರಿಲ್ 2004

ಸಿರಿ ಅವರಿಗೆ,

ಐದೇ ಸರಿ ಅಂತ ನೀವು ಬರೆದದ್ದು ಓದಿದ ಮೇಲೆ ಹತ್ತು ದಿನ ಕಾಗದ ಬರೆದು ಬರೆದು ಹರಿದೆ. ನಿಮಗೆ ಗೊತ್ತಾಗಿದೆ ಅಂತ ನನಗೂ ಗೊತ್ತಿದೆ. ಆದರೂ ನಾನೇ ಹೇಳಬೇಕು.

ಗಾಡಿ ನಾನು ಓಡಿಸುತ್ತಿದ್ದೆ. ನನಗೆ ಲೈಸೆನ್ಸ್ ಇರಲಿಲ್ಲ, ಆಗ ತಾನೇ ಕಲಿಯುತ್ತಿದ್ದೆ. ಆ ಭಾನುವಾರ ಮಧ್ಯಾಹ್ನ ನಿಮ್ಮ ಅಣ್ಣನೇ "ರೋಡ್ ಖಾಲಿ ಇದೆ ಮಗಾ, ನೀನೇ ಹೊಡಿ" ಅಂತ ಕೀಲಿ ಕೊಟ್ಟ. ಹೆಲ್ಮೆಟ್ಟನ್ನೂ ನನ್ನ ತಲೆಗೆ ಅವನೇ ಹಾಕಿದ. ತಾನು ಹಿಂದೆ ಕೂತು, ಡಬ್ಬ ತೊಡೆ ಮೇಲಿಟ್ಟುಕೊಂಡು, ಹೊಸ ಎಲೆ ತೆಗೆದು ಓದಿದ. "ಕರೆಂಟ್ ಹೋಯ್ತು, ಬೆಲೆ ಮೂರು" ಅಂದ. ನಾನು ಐದು ಅಂದೆ. ಅವನು "ಸರಿ, ಐದು" ಅಂತ ತಿದ್ದಿ, ಒಂದು ಫರ್ಲಾಂಗು ಹೋದ ಮೇಲೆ "ಇಲ್ಲ ಕಣೋ, ಮೂರೇ" ಅಂತ ಮತ್ತೆ ತಿದ್ದಿದ. ನಾನು "ಏ, ತಲೆ ಇದೆಯೇನೋ ನಿನಗೆ, ಆಟನೇ ಕೆಡ್ತದ" ಅಂತ ಹಿಂದೆ ತಿರುಗಿದೆ. ಅವನು ನಗುತ್ತಿದ್ದ. ನಾನು ನೋಡಿದ್ದು ಅದೇ ಕೊನೆ. ಮುಂದೆ ತಿರುಗುವಷ್ಟರಲ್ಲಿ ಆ ತಾಯಿ ಬುಟ್ಟಿ ಹೊತ್ತುಕೊಂಡು ದಾಟುತ್ತಿದ್ದಳು.

ಆಕೆ ಹೇಳಿದ್ದೆಲ್ಲ ಖರೇ. ಜನ ಕೂಡಿದರು. ಅಷ್ಟರಲ್ಲಿ ನಾನು ಹೆಲ್ಮೆಟ್ ತೆಗೆದು ಎಸೆದಿದ್ದೆ. ಒಬ್ಬ ಕಾನ್ಸ್‌ಟೇಬಲ್ ಬಂದು, ಮಹಾಂತೇಶನ ಕಡೆ ಕೈ ತೋರಿಸಿ, "ಓಡಿಸ್ತಿದ್ದಿದ್ದು ಇವನೇ ತಾನೆ?" ಅಂದ. ನಾನು "ಹೂಂ" ಅಂದೆ. ಅಷ್ಟೇ. ಸುಳ್ಳು ಕಟ್ಟಬೇಕು ಅಂತ ಯೋಚನೆ ಮಾಡಲಿಲ್ಲ, ಬಾಯಿಂದ ಬಂತು. ಮರುದಿನ ಸ್ಟೇಷನ್ನಿನಲ್ಲಿ ಅದನ್ನೇ ಬರೆದು ಓದಿ ಹೇಳಿದರು, ಎಡಗೈಯಲ್ಲಿ ಹೆಬ್ಬೆಟ್ಟು ಒತ್ತಿದೆ. ಆವತ್ತು ಯೋಚನೆ ಮಾಡಿಯೇ ಒತ್ತಿದೆ.

ನಿಮ್ಮ ಮೊದಲ ಕಾಗದಕ್ಕೆ ಇದನ್ನೇ ಬರೆಯಬೇಕಿತ್ತು. ನೀವು ಎಲೆ ಬಗ್ಗೆ ಕೇಳಿದಿರಿ, ನಾನು ಅದರ ಹಿಂದೆ ಅಡಗಿದೆ. ಆಮೇಲೆ ನಿಮ್ಮ ಕಾಗದಕ್ಕೆ ದಾರಿ ಕಾಯುವುದು ರೂಢಿ ಆಯಿತು, ಹೇಳಿದರೆ ಅದೂ ನಿಲ್ಲುತ್ತದೆ ಅಂತ ಹೆದರಿದೆ.

ಅಪ್ಪಾಜಿಯವರಿಗೆ ಈ ಕಾಗದ ಓದಿ ಹೇಳ್ರಿ. ಅವರ ಮಗ ಯಾರನ್ನೂ ನೋಯಿಸಿಲ್ಲ.

ಮೌನೇಶ


ತಿಲಕ್ ನಗರ
2 ಮೇ 2004

ಮೌನೇಶ ಅವರಿಗೆ,

ನಿಮ್ಮ ಕಾಗದ 21ನೇ ತಾರೀಕು ಬಂತು. ಅಪ್ಪ ಹೋಗಿ ಆವತ್ತಿಗೆ ಒಂಬತ್ತು ದಿನ.

12ನೇ ತಾರೀಕು ಸೋಮವಾರ ಅಪ್ಪ ಚೀಲ ಇಟ್ಟು ವಾಪಸ್ ಬರೋವಾಗ ಕೆಂಚವ್ವನ ಗಲ್ಲಿಯಲ್ಲೇ ಕುಸಿದರಂತೆ. ಅವರು ಕೋಲೂರಿಕೊಂಡು ಬಂದು ನೀರು ಕುಡಿಸಿದರಂತೆ. ಆಸ್ಪತ್ರೆಗೆ ಹೋಗೋ ಅಷ್ಟರಲ್ಲಿ ಆಗಿಹೋಗಿತ್ತು. ಅಪ್ಪ ನೀರು ಕುಡಿಯೋ ಮುಂಚೆ ಅವರಿಗೆ ಕೈ ಮುಗಿದು, "ನನ್ನ ಮಗನ್ನ ಕ್ಷಮಿಸಮ್ಮ" ಅಂದರಂತೆ. ಕೊನೆಗೂ ಕೇಳಿದರು. ತಪ್ಪೇ ಮಾಡದ ಮಗನಿಗೋಸ್ಕರ.

ನಿಮ್ಮನ್ನ ಬೈದು ಬರೀಬೇಕು ಅಂತ ಮೂರು ಸಲ ಕೂತೆ. ಬರೆಯೋಕೆ ಹೋದರೆ ಪ್ರತಿ ಸಲವೂ ನನ್ನ ತಪ್ಪೇ ಅಡ್ಡ ಬರತ್ತೆ. ನನಗೆ ಫೆಬ್ರವರಿ 14ಕ್ಕೇ ಗೊತ್ತಿತ್ತು. ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನೀವೇ ಬರೀಬೇಕು, ನಿಮ್ಮ ಕೈಯಲ್ಲೇ ಬರೆಸಬೇಕು ಅಂತ ಹಟ ಹಿಡಿದೆ. ನೀವು ಬರೆದರೆ ನೀವು ಒಳ್ಳೆಯವರು ಅಂತ ಆಗತ್ತೆ, ಅಣ್ಣ ಆರಿಸಿಕೊಂಡ ಸ್ನೇಹಿತ ಒಳ್ಳೆಯವನು ಅಂತ ಆಗತ್ತೆ. ಅದು ನನಗೆ ಅಪ್ಪನಿಗಿಂತ ಮುಖ್ಯ ಆಗಿಹೋಯ್ತು. ಎಂಟು ವಾರ ಅಪ್ಪನ ಮುಂದೆ ದಿನಾ ಊಟಕ್ಕೆ ಕೂತೆ.

ಅಮ್ಮನಿಗೆ ನಿಮ್ಮ ಕಾಗದ ತೋರಿಸಿಲ್ಲ. ನೀವು ಬಂದು ಹೇಳಬೇಕು. ಮೊದಲು ಸ್ಟೇಷನ್, ಆಮೇಲೆ ಕೆಂಚವ್ವ, ಆಮೇಲೆ ನಮ್ಮ ಮನೆ.

ನೂರ ಹನ್ನೆರಡೂ ಮುಗಿದಿತ್ತು. ಎಲೆಗಳನ್ನ ಗೌರೀಶಂಕರ ಅವರಿಗೆ ಕೊಟ್ಟುಬಿಟ್ಟೆ.

ಸಿರಿ


ಬಿಟಿಎಂ ಲೇಔಟ್, ಬೆಂಗಳೂರು
22 ಮೇ 2004

ಸಿರಿ ಅವರಿಗೆ,

ಬಂದಿದ್ದೇನೆ. ಗೌರೀಶಂಕರನ ರೂಮಿನಲ್ಲಿ ಇದ್ದೇನೆ. ಎಲ್ಲ ಕೇಳಿದ ಮೇಲೆ ಅವನು ನನ್ನ ಜೊತೆ ಮಾತಾಡುತ್ತಿಲ್ಲ, ಇರು ಅಂದಿದ್ದಾನೆ.

ಸ್ಟೇಷನ್ನಿನಲ್ಲಿ "ಓಡಿಸಿದೋನು ಸತ್ತ, ಕೇಸು ಮುಗೀತು, ಹೋಗಪ್ಪ" ಅಂದರು. ಮೂರು ದಿನ ಹೋಗಿ ಕೂತೆ. ನಿನ್ನೆ ಹೇಳಿಕೆ ಬರೆದುಕೊಂಡರು. ಈ ಸಲ ಸಹಿ ಮಾಡಿದೆ. ಕೋರ್ಟಿಗೆ ಕರೆಯುತ್ತಾರಂತೆ.

ಕೆಂಚವ್ವನ ಹತ್ತಿರ ಹೋಗಿದ್ದೆ. ಆಕೆ ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದಳು. "ನೀ ಬದುಕಿದ್ದೀಯೇನೋ ಅಪ್ಪಾ" ಅಂದಳು. ಏಕಾಂತಯ್ಯನವರು ತಂದಿಡುತ್ತಿದ್ದದ್ದು ಯಾರ ತಪ್ಪಿನ ಸಲುವಾಗಿ ಅಂತ ತಿಳಿದ ಮೇಲೆ ಮುಖ ಗೋಡೆ ಕಡೆ ತಿರುಗಿಸಿ, ಹೋಗು ಅಂತ ಕೈ ಮಾಡಿದಳು.

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಈ ಕಾಗದ ಗೌರೀಶಂಕರ ಇವತ್ತೇ ತಂದು ಕೊಡುತ್ತಾನೆ.

ಮೌನೇಶ


ತಿಲಕ್ ನಗರ
13 ಜೂನ್ 2004

ಮೌನೇಶ ಅವರಿಗೆ,

ಆವತ್ತು ನಾನು ಮನೆಯಲ್ಲೇ ಇದ್ದೆ, ಅಡುಗೆಮನೆಯಲ್ಲಿ. ಹೊರಗೆ ಬರಲಿಲ್ಲ. ಎಲ್ಲಾ ಕೇಳಿಸ್ತು.

ಅಮ್ಮ ನಿಮ್ಮನ್ನ ಒಳಗೆ ಕರೀತಾರೆ, ನೀವು ಕಾಲಿಗೆ ಬೀಳ್ತೀರಿ ಅಂತ ನಾನು ಅಂದುಕೊಂಡಿದ್ದೆ. ನೀವು ಬಾಗಿಲಲ್ಲಿ ನಿಂತು ಮೆಲ್ಲಗೆ ಎಲ್ಲ ಹೇಳಿ ಮುಗಿಸಿದಿರಿ. ಆಮೇಲೆ "ಗೇಟಿನ ಆಚೆ ಹೋಗಿ ನಿಂತು ಹೇಳು. ನನ್ನ ಮಗನ ಮಾನ ಹೋಗಿದ್ದು ಬೀದೀಲಿ" ಅಂತ ಅಮ್ಮ ಅಂದರು. ನೀವು ಹೋಗಿ ನಿಂತಿರಿ. ಮೊದಲ ಸಲ ಹೇಳಿದಾಗ ಅಮ್ಮ "ಕೇಳಿಸ್ಲಿಲ್ಲ" ಅಂದರು. ಎರಡನೇ ಸಲವೂ "ಕೇಳಿಸ್ಲಿಲ್ಲ" ಅಂದರು. ಮೂರನೇ ಸಲ ನೀವು "ಗಾಡಿ ಓಡಿಸ್ತಿದ್ದಿದ್ದು ನಾನು, ಮಹಾಂತೇಶ ಅಲ್ಲ" ಅಂತ ಕೂಗಿದ ದನಿ ಬೀದಿ ಕೊನೆವರೆಗೂ ಹೋಯ್ತು. ಕಿಟಕಿಯಿಂದ ನೋಡಿದೆ. ಎದುರುಮನೆ ಚಲುವರಾಜು ಅಂಕಲ್ ಬಾಯಲ್ಲಿ ಬ್ರಷ್ ಇಟ್ಕೊಂಡು ಹಾಗೇ ನಿಂತಿದ್ದರು. ಇಸ್ತ್ರಿ ಹನುಮಯ್ಯ ಪೆಟ್ಟಿಗೆ ಕೆಳಗಿಟ್ಟು ಕೈ ಮುಗಿದ. ಯಾರಿಗೆ ಮುಗಿದನೋ ಗೊತ್ತಿಲ್ಲ.

ಅಮ್ಮ "ಈಗ ಹೋಗು" ಅಂದರು. ನೀವು ಹೋದಿರಿ. ಅಲ್ಲಿವರೆಗೆ ನಿಮಗೆ ಗೊತ್ತು.

ಅಮ್ಮ ಒಳಗೆ ಬಂದು ಬಾಗಿಲು ಹಾಕಿದರು. ಅಳ್ತಾರೆ ಅಂತ ನಾನು ಹತ್ತಿರ ಹೋದೆ. ಅಳಲಿಲ್ಲ. ನನ್ನ ಮುಖ ನೋಡಿ, "ಅವನು ಅಷ್ಟೆಲ್ಲ ಹೇಳಿದ್ರೂ ನೀನು ಹೊರಗೆ ಓಡಿ ಬರ್ಲಿಲ್ಲವಲ್ಲ. ನಿನಗೆ ಯಾವಾಗ ಗೊತ್ತಾಯ್ತು?" ಅಂದರು.

ಸುಳ್ಳು ಹೇಳಬಹುದಿತ್ತು. ಹೋದ ತಿಂಗಳು ಕಾಗದ ಬಂತು, ಆಮೇಲೆ ಗೊತ್ತಾಯ್ತು ಅಂದಿದ್ದರೆ ಮುಗೀತಿತ್ತು. "ಫೆಬ್ರವರಿಯಲ್ಲಿ" ಅಂದೆ.

ಅಮ್ಮ ಬೆರಳು ಮಡಚಿ ತಿಂಗಳು ಎಣಿಸಿದರು. ಮಾರ್ಚಿಗೊಂದು, ಏಪ್ರಿಲ್‌ಗೊಂದು. ಅಲ್ಲಿಗೆ ನಿಲ್ಲಿಸಿ, ಕೈಯನ್ನ ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದರು. ಹೊಡೆದಿದ್ದರೆ ಚೆನ್ನಾಗಿತ್ತು.

ಇವತ್ತಿಗೆ ಮೂರು ವಾರ. ಬೀದಿಯವರು ಈಗ ಮನೆಗೆ ಬರ್ತಾರೆ, ಅಣ್ಣನ ಬಗ್ಗೆ ಒಳ್ಳೆ ಮಾತಾಡ್ತಾರೆ. ಅಮ್ಮ ಅವರ ಜೊತೆ ಮಾತಾಡ್ತಾರೆ, ನನ್ನ ಜೊತೆ ಇಲ್ಲ. ಅಡುಗೆ ಮಾಡಿ, ನನಗೆ ಬಡಿಸಿ, ಎದ್ದು ಹಿತ್ತಿಲಿಗೆ ಹೋಗಿ ನಿಂತ್ಕೋತಾರೆ. ನಾನು ತಿಂದು ತಟ್ಟೆ ತೊಳೆದ ಮೇಲೆ ಒಳಗೆ ಬರ್ತಾರೆ.

ನಿಮಗೆ ಶಿಕ್ಷೆ ಎಷ್ಟು ಅಂತ ಕೋರ್ಟು ಒಂದು ದಿನ ಹೇಳತ್ತೆ. ನನಗೆ ಅಮ್ಮ ಏನೂ ಹೇಳಲ್ಲ. ಕೇಳಬೇಕು ಅಂತ ದಿನಾ ಹಿತ್ತಿಲ ಬಾಗಿಲವರೆಗೆ ಹೋಗ್ತೀನಿ. ಅವರ ಬೆನ್ನು ಕಾಣತ್ತೆ. ವಾಪಸ್ ಬಂದು ಊಟಕ್ಕೆ ಕೂರ್ತೀನಿ.

ಇನ್ನು ಮೇಲೆ ನನಗೆ ಬರೀಬೇಡಿ.

ಸಿರಿ